ದೇಶಕ್ಕೊಂದೇ ಕಾರು

"ಈ ಕಾರಿನ ಫೈಬರ್ ಬಾಡಿ ಐವತ್ತು ವರ್ಷ ಹಳೇದು. ಇಂಥ ಕಾರು ಇಡೀ ದೇಶದಲ್ಲಿ ಇದೊಂದೇ. ನಿನ್ನ ಪೆಂಗ್ವಿನ್ ಕಸದಡಬ್ಬ ಅಂದ್ಕೊಂಡು ಕೈ ಹಾಕ್ಬೇಡ," ಎಂದರು ಅದನ್ನು ರಿಪೇರಿಗೆ ತಂದ ಯಜಮಾನರು.

ಊರಿನ ಪಾರ್ಕುಗಳಿಗೆಲ್ಲ ಪೆಂಗ್ವಿನ್ ಆಕಾರದ ಫೈಬರ್ ಕಸದಡಬ್ಬ ಅಚ್ಚು ಹಾಕಿ ಮಾಡಿಕೊಡುವವನು, "ಆಯ್ತು ಸಾರ್," ಎಂದ.

ಆರು ತಿಂಗಳು ಯಜಮಾನರು ದಿನವೂ ಬಂದು, ಅವನು ಮುಚ್ಚಿದ ಬಿರುಕುಗಳನ್ನು ಭೂತಗನ್ನಡಿ ಹಿಡಿದು ನೋಡಿ, ಕಲಾಭಿರುಚಿಯ ಮೇಲೆ ಉಚಿತ ಉಪನ್ಯಾಸ ಕೊಟ್ಟರು. ಅವನು ಕೇಳಿಸಿಕೊಳ್ಳುತ್ತ ಉಜ್ಜಿದ.

"ಈ ಬಾಡೀದು ಒಂದು ಅಚ್ಚು ತೆಗೆದಿಟ್ಕೊಳ್ಲಾ ಸಾರ್? ಎಲ್ಲಾದ್ರೂ ಮುರಿದ್ರೆ ಬೇಕಾಗುತ್ತೆ."

"ತಗೋ. ನಿನಗೂ ಒಂಚೂರು ಟೇಸ್ಟ್ ಬರ್ಲಿ."

ಚಾಸಿಸ್ಸು, ಎಂಜಿನ್ನು, ನೋಂದಣಿ ಎಂದು ಇನ್ನೊಂದು ವರ್ಷ ಕಳೆಯಿತು. ಕೊನೆಗೂ ಯಜಮಾನರು ಟಾಪಿಲ್ಲದ ಆ ಕೆಂಪು ಕಾರನ್ನು, ನಾಲ್ಕು ಜನ ನೋಡಲೆಂದೇ, ಪಾರ್ಕಿನ ಗೇಟಿನೆದುರು ನಿಲ್ಲಿಸಿ ಕಾಫಿ ಕುಡಿಯಲು ಹೋದರು.

ಬಂದು ನೋಡಿದರೆ ಚರ್ಮದ ಸೀಟಿನ ತುಂಬ ಬಾಳೆಹಣ್ಣಿನ ಸಿಪ್ಪೆ, ಕಡಲೆಕಾಯಿ ಸಿಪ್ಪೆ. ಅಜ್ಜಿಯೊಬ್ಬಳು ತಿಂದು ಮುಗಿಸಿದ ಜೋಳದ ದಿಂಡನ್ನು ಅದರ ಮೇಲೆಯೇ ಎಸೆದಳು.

"ಏನಮ್ಮಾ, ಕಾರು ಅಂತ ಕಾಣಲ್ವಾ?"

"ಕಾಣುತ್ತಪ್ಪ. ಪಾರ್ಕಿನೊಳಗಿರೋ ಇಂಥವೇ ನಾಲ್ಕು ಕಾರೂ ತುಂಬಿಹೋಗಿವೆ, ಅದಕ್ಕೇ ಇದಕ್ಕೆ ಹಾಕ್ದೆ."