ಐದನೆಯ ಅಂಗಿ

“ಸೋಲ್ಬೇಡಿ ರೀ,” ಎಂದಳು ಸೊಸೆ, ಟಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ತೆರೆಯ ಮೇಲೆ ಒಂಬತ್ತು ಅಕ್ಷರಗಳು ಸಾಲಾಗಿ ನಿಂತಿದ್ದವು: ಗೆ, ರ, ತ, ಮೆ, ಕ, ಣಿ, ಲು, ವ, ಸು. ಅರ್ಧ ನಿಮಿಷದಲ್ಲಿ ಉದ್ದದ ಪದ ಕಟ್ಟಿದವರಿಗೆ ಅಂಕ. ಅವಳ ಗಂಡ ಎಡಗಡೆಯ ಕುರ್ಚಿಯಲ್ಲಿ ಕೂತು ಪೆನ್ನಿನ ತುದಿ ಕಚ್ಚುತ್ತಿದ್ದ. ಕನ್ನಡಕದ ಅಂಗಡಿ ಇಟ್ಟವನು. ದಿನವಿಡೀ ಗೋಡೆಯ ಮೇಲಿನ ಅಕ್ಷರಗಳನ್ನು ಗಿರಾಕಿಗಳಿಂದ ಓದಿಸಿ ಓದಿಸಿ ಇವನ ತಲೆಯಲ್ಲಿ ಅಕ್ಷರ ಬಿಟ್ಟರೆ ಬೇರೇನೂ ಉಳಿದಿಲ್ಲ ಎಂದು ಮನೆಯಲ್ಲಿ ರೇಗಿಸುತ್ತಿದ್ದರು.

“ಮೆರವಣಿಗೆ,” ಎಂದರು ಅತ್ತೆ ಮಂಚದಿಂದ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ತಲೆಗೇನೂ ಆಗಿರಲಿಲ್ಲ.

“ಮೆರವಣಿಗೆ,” ಎಂದ ಮಗ ಟಿವಿಯೊಳಗಿಂದ, ಗಂಟೆ ಹೊಡೆದ ಮೇಲೆ. ಎದುರಾಳಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಹೆಂಗಸು. ‘ಕವಲು’ ಎಂದಷ್ಟೇ ಬರೆದಿದ್ದಳು.

ಸೊಸೆ ಉಸಿರು ಬಿಟ್ಟಳು. ಗೆದ್ದವನು ಮರುದಿನದ ಕಂತಿನಲ್ಲೂ ಆಡಬೇಕು, ಸೋತವನು ಮನೆಗೆ ಹೋಗಬೇಕು. ಆಟದ ನಿಯಮ ಇಷ್ಟೇ. ಸೋಮವಾರ ಗೆದ್ದ, ಮಂಗಳವಾರ ಗೆದ್ದ, ನಿನ್ನೆಯೂ ಗೆದ್ದ. ಇವತ್ತು ಸೋತರೆ ಅತ್ತೆಗೆ ನಿಜ ಹೇಳಲೇಬೇಕು. ಅದಕ್ಕಾಗಿ ಬೇಕಾದ ಮಾತನ್ನು ಅವಳು ವಾರದಿಂದ ಹುಡುಕುತ್ತಿದ್ದಳು, ಸಿಕ್ಕಿರಲಿಲ್ಲ.

“ಇವತ್ತು ತಿಳಿಹಳದಿ ಅಂಗಿ,” ಎಂದರು ಅತ್ತೆ. “ನಾಳೆಗೆ ನೀಲಿಯದೊಂದೇ ಉಳೀತು.”

ಐದು ಅಂಗಿಗಳಿಗೂ ಮಲಗಿದಲ್ಲೇ ಗುಂಡಿ ಬಿಗಿ ಮಾಡಿ ಕೊಟ್ಟವರು ಅವರೇ. ಇಸ್ತ್ರಿ ಸೊಸೆಯದು.

ಜಾಹೀರಾತು ಬಂದಾಗ ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು. ಔಷಧಿ ಅಂಗಡಿಯವನು. ಅವನ ಅಂಗಡಿ ಕನ್ನಡಕದ ಅಂಗಡಿಯ ಪಕ್ಕದ್ದೇ. ಒಳಗೆ ಬರಲಿಲ್ಲ. ಅವಳೂ ಕರೆಯಲಿಲ್ಲ.

“ಹೇಳಿದ್ಯಾ?” ಎಂದ, ದನಿ ತಗ್ಗಿಸಿ.

“ಇಲ್ಲ.”

“ಎಷ್ಟು ದಿನ ಅಂತ ಮುಚ್ಚಿಡ್ತೀಯ? ಇನ್ಯಾರದೋ ಬಾಯಿಂದ ಗೊತ್ತಾದ್ರೆ?”

“ಅವರು ಸೋಲ್ಲಿ. ಆಮೇಲೆ ಹೇಳ್ತೀನಿ.”

ಅವನು ಅವಳ ಕೈಗೆ ಕನ್ನಡಕದ ಅಂಗಡಿಯ ಬೀಗದ ಕೈ ಇಟ್ಟ. ಅದನ್ನು ಮುಷ್ಟಿಯಲ್ಲಿ ಹಿಡಿದಾಗ ಅವಳ ಮಣಿಕಟ್ಟಿನಲ್ಲಿದ್ದ ಕಂದು ಪಟ್ಟಿಯ ಗಡಿಯಾರ ಸಡಿಲವಾಗಿ ಅಂಗೈವರೆಗೆ ಜಾರಿತು. ಮೇಲಕ್ಕೆ ತಳ್ಳಿಕೊಂಡಳು. ಮೆಟ್ಟಿಲಿನಲ್ಲಿ ಯಾರೋ ಹತ್ತಿಬರುವ ಸದ್ದಾಯಿತು, ಅವನು ಸರಿದುಹೋದ.

“ಯಾರು?” ಅತ್ತೆಯ ಪ್ರಶ್ನೆ ಕಾದಿತ್ತು.

“ಔಷಧಿ ಅಂಗಡಿಯವರು. ನಿಮ್ಮ ಮಾತ್ರೆ ಇದೆಯಾ ಅಂತ ಕೇಳೋಕೆ.”

“ನಿನ್ನೆನೂ ಕೇಳಿದ್ದ.”

ಅವಳಿಗೆ ನಾಚಿಕೆಯೋ ಹೆದರಿಕೆಯೋ ಆಗಬೇಕಿತ್ತು. ಏನೂ ಆಗಲಿಲ್ಲ. ಒಳಗೆಲ್ಲ ಮರಗಟ್ಟಿಹೋಗಿತ್ತು. ಬೀಗದ ಕೈಯನ್ನು ಡಬ್ಬಿಯೊಂದರ ಹಿಂದೆ ಇಟ್ಟು ಬಂದು ಕೂತಳು.

“ಒಂದು ಫೋನಾದ್ರೂ ಮಾಡಬಾರ್ದಾ ಇವನು,” ಎಂದು ಸೋಮವಾರ ಅತ್ತೆ ಗೊಣಗಿದ್ದರು. “ಗೆದ್ದವರನ್ನ ಅಲ್ಲೇ ಹೋಟೆಲಲ್ಲಿ ಇಟ್ಕೋತಾರೆ ಅತ್ತೆ, ಫೋನೂ ಇಸ್ಕೊಂಡುಬಿಡ್ತಾರೆ,” ಎಂದಿದ್ದಳು ಅವಳು. ಒಂದು ಮಾತಿಗೆ ಹತ್ತು ಪ್ರಶ್ನೆ ಹಾಕುವ ಅತ್ತೆ ಅದಕ್ಕೆ ಮಾತ್ರ ಮರುಮಾತಾಡಿರಲಿಲ್ಲ.

ಕೊನೆಯ ಸುತ್ತು ಅಂಕಿಗಳದು. ಆರು ಅಂಕಿಗಳನ್ನು ಕೂಡಿ, ಕಳೆದು, ಗುಣಿಸಿ 619 ಮುಟ್ಟಬೇಕು. ಇಬ್ಬರ ನಡುವೆ ಕೂದಲೆಳೆಯ ಅಂತರ. ಕ್ಯಾಮೆರಾ ಅವನ ಕೈಯ ಹತ್ತಿರ ಬಂತು. ಕಂದು ಪಟ್ಟಿಯ ಗಡಿಯಾರ, ಓಡುತ್ತಿದ್ದ ಪೆನ್ನು, ಹೊಡೆದುಹಾಕಿದ ಒಂದು ಸಾಲು. ಅತ್ತೆ ಕಣ್ಣು ಮಿಟುಕಿಸದೆ ಆ ಕೈಯನ್ನೇ ನೋಡುತ್ತಿದ್ದರು.

ಗಂಟೆ ಹೊಡೆಯಿತು.

“617,” ಎಂದ ಅವನು.

“619,” ಎಂದಳು ಗಣಿತದವಳು.

ಚಪ್ಪಾಳೆ. ಅವನು ಎದ್ದು ಅವಳ ಕೈ ಕುಲುಕಿದ. ಸೋತರೂ ಬಾಯ್ತುಂಬ ನಗು. ಮನೆಯವರಿಗೆ ಏನಾದರೂ ಹೇಳುತ್ತೀರಾ ಎಂದು ನಿರೂಪಕ ಕೇಳಿದ. ಅವನು ಕ್ಯಾಮೆರಾದ ಕಡೆ ತಿರುಗಿ ಕನ್ನಡಕ ಸರಿಮಾಡಿಕೊಂಡ.

“ಅಮ್ಮ, ಊಟ ಮಾಡ್ಬೇಡ. ರಾತ್ರಿ ಒಟ್ಟಿಗೇ ಮಾಡೋಣ.”

ಹೆಸರುಗಳ ಪಟ್ಟಿ ಮೇಲಕ್ಕೆ ಸರಿಯತೊಡಗಿತು. ಸೊಸೆ ಮಂಚದ ಪಕ್ಕ ನೆಲದ ಮೇಲೆ ಕೂತಳು.

“ಅತ್ತೆ, ನಿಮಗೊಂದು ವಿಷಯ...”

ಅತ್ತೆ ಕೈ ಚಾಚಿ ಅವಳ ಮಣಿಕಟ್ಟು ಹಿಡಿದರು. ಜಾರಿದ್ದ ಗಡಿಯಾರವನ್ನು ಮೇಲಕ್ಕೆ ಸರಿಸಿ, ಪಟ್ಟಿಯನ್ನು ಕೊನೆಯ ತೂತಿಗೆ ಹಾಕಿ ಬಿಗಿ ಮಾಡಿದರು.

“‘ಐದೂ ಕಂತನ್ನ ಒಂದೇ ದಿನ ತೆಗೀತಾರಮ್ಮ, ನಡುನಡುವೆ ಅಂಗಿ ಬದಲಾಯಿಸಿದ್ರೆ ಆಯ್ತು, ರಾತ್ರಿ ಊಟಕ್ಕೆ ಬಂದುಬಿಡ್ತೀನಿ’ ಅಂದು ಹೋಗಿದ್ದ,” ಎಂದರು. “ಬರ್ಲಿಲ್ಲ. ಎರಡು ದಿನ ನೀನೂ ಬರ್ಲಿಲ್ಲ. ಔಷಧಿ ಅಂಗಡಿಯವನ ಹೆಂಡತಿ ಬಂದು ನನ್ನ ನೋಡ್ಕೊಂಡ್ಲು, ಒಂದು ಸಲಾನೂ ಮುಖ ಕೊಟ್ಟು ಮಾತಾಡ್ಲಿಲ್ಲ. ಆಮೇಲೆ ನೀನು ಬಂದೆ, ಅವನ ಗಡಿಯಾರ ಕಟ್ಕೊಂಡು. ನನ್ನ ಮಗ ಇಲ್ಲ ಅಂತ ಅವತ್ತೇ ಗೊತ್ತಾಯ್ತು ಕಣೇ.”

ಸೊಸೆ ತಲೆ ಎತ್ತಿದಳು. ಅತ್ತೆ ಇನ್ನೂ ಟಿವಿಯ ಕಡೆಗೇ ನೋಡುತ್ತಿದ್ದರು.

“ನಾನು ಅತ್ರೆ ನೀನು ಟಿವಿ ಆರಿಸಿಬಿಡ್ತೀಯ ಅಂತ ಸುಮ್ನಿದ್ದೆ.”