ನಾಲ್ಕನೆಯ ಸಾಲು

"ಆಗ ನಾನು ಬಾಗಿಲು ತಳ್ಳಿದೆ. ಒಳಗೆ ನೋಡಿದರೆ..." ಎಂದ ಸಾಕ್ಷಿ. ಅಲ್ಲಿಗೆ ಕಂಪ್ಯೂಟರ್ ನಿಂತಿತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬೆರಳುಗಳನ್ನು ಕೀಬೋರ್ಡಿನ ಮೇಲಿಟ್ಟುಕೊಂಡು ಅವಳು ಕಾದಳು. ಬಾಗಿಲು ತಳ್ಳಿದವನು ಹೊಸ್ತಿಲಲ್ಲೇ ಉಳಿದ. ಪರದೆಯ ನಡುವೆ ಪುಟ್ಟ ಚಕ್ರವೊಂದು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇತ್ತು.

ಕೋರ್ಟಿನ ವಿಚಾರಣೆಗಳ ಧ್ವನಿಮುದ್ರಣ ಕೇಳಿ ಟೈಪ್ ಮಾಡಿ ಕಳಿಸುವುದು ಅವಳ ಕೆಲಸ. ಐದು ಗಂಟೆಗೆ ಕಳಿಸಬೇಕು, ಈಗ ಎರಡು. ಈ ತಿಂಗಳು ಆಗಲೇ ಎರಡು ಸಲ ತಡವಾಗಿದೆ. ಮೂರನೆಯ ಸಲವಾದರೆ ಕೆಲಸ ಬೇರೆಯವರ ಪಾಲು ಎಂದು ಕಚೇರಿಯವರು ಬಹಳ ವಿನಯದಿಂದಲೇ ಬರೆದಿದ್ದರು. ಗಂಡ ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಾ ತನ್ನ ತೀರ್ಪನ್ನೂ ಕೊಟ್ಟು ಹೋಗಿದ್ದ: "ಮೆಮೊರಿ ಹೋಗಿದೆ ಅದಕ್ಕೆ. ದಿನಾ ಗಂಟೆಗಟ್ಟಲೆ ಆಡಿಯೋ ಹಾಕ್ತೀಯಲ್ಲ, ಮನೆ ಮೆಷಿನ್ನು, ಪಾಪ, ಎಷ್ಟೂಂತ ತಡ್ಕೊಳ್ಳುತ್ತೆ? ಸಾಕು ಬಿಡು ಆ ಕೆಲಸ." ಅವಳು ಅದನ್ನು ಅರ್ಧ ನಂಬಿದ್ದಳು. ಆ ಚಕ್ರ ನೋಡುತ್ತಾ ಕುಳಿತಾಗ ಉಳಿದರ್ಧವೂ ನಂಬಿಕೆಯಾಗಿಬಿಟ್ಟಿತು. ಕೊನೆಗೆ ಹಿಂದಿನ ಬೀದಿಯ ರಿಪೇರಿಯವಳಿಗೆ ಫೋನ್ ಮಾಡಿದಳು.

ರಿಪೇರಿಯವಳು ಬಂದಳು. ಚೀಲವನ್ನು ನೆಲಕ್ಕಿಟ್ಟಳೇ ಹೊರತು ಸ್ಕ್ರೂಡ್ರೈವರ್ ತೆಗೆಯಲಿಲ್ಲ. "ಬಿಚ್ಚೋಕೆ ಮುಂಚೆ ಒಂದು ಮಾತು ಅಕ್ಕಾ. ಇದನ್ನ ಕೊನೇ ಸಲ ಆಫ್ ಮಾಡಿದ್ದು ಯಾವಾಗ?"

"ಆಫಾ? ನಮ್ಮನೇಲಿ ಆಫ್ ಮಾಡೋ ಹಾಗಿಲ್ಲ. ಪದೇಪದೇ ಆಫ್ ಮಾಡಿದರೆ ಸವೆಯುತ್ತೆ ಅಂತ ಇವರ ಕಟ್ಟಪ್ಪಣೆ. ಅವರವರ ಕೆಲಸ ಆದಮೇಲೆ ಪರದೆಗೆ ಬೀಗ ಹಾಕಿ ಎದ್ದುಬಿಡೋದು. ಆಮೇಲೆ ಬಂದೋರು ತಮ್ಮ ಹೆಸರು ಒತ್ತಿ ಒಳಗೆ ಹೋಗೋದು."

"ಹೋದೋರು ಹೊರಗೆ ಬರೋದು?"

ಅವಳು ಕುರ್ಚಿಯನ್ನು ರಿಪೇರಿಯವಳ ಕಡೆ ಸರಿಸಿದಳು.

ರಿಪೇರಿಯವಳು ಎರಡು ಕೀಲಿ ಒತ್ತಿ, ಕೈಕಟ್ಟಿ ಕಾದಳು. ಬಹಳ ಹೊತ್ತಿನ ಮೇಲೆ ಒಂದು ಪಟ್ಟಿ ತೆರೆದುಕೊಂಡಿತು. "ಇಪ್ಪತ್ತಾರು ದಿನದಿಂದ ಒಂದೇ ಸಮ ಓಡ್ತಾ ಇದೆ. ಇವರೆಲ್ಲ ಇನ್ನೂ ಒಳಗೇ ಕೂತಿದಾರೆ ನೋಡಿ. ಪಕ್ಕದಲ್ಲಿರೋದು ಯಾರು ಎಷ್ಟು ಮೆಮೊರಿ ಹಿಡ್ಕೊಂಡಿದಾರೆ ಅಂತ."

ಹೆಸರುಗಳನ್ನು ಮಗಳು ಎಂದೋ ಹಾಕಿದ್ದಳು. ಮೊದಲ ಸಾಲು ಅಪ್ಪ, ಅಂದರೆ ಗಂಡ: ಹೆಚ್ಚುಕಡಿಮೆ ಅರ್ಧ ಮೆಮೊರಿ ಅಲ್ಲೇ ಹೋಗಿತ್ತು. ಅಪ್ಪ ತಿಂಗಳಿಂದ ಆನ್‌ಲೈನ್ ಅಂಗಡಿಗಳಲ್ಲಿ ನಕ್ಷತ್ರ ನೋಡುವ ದೂರದರ್ಶಕಗಳನ್ನು ನೋಡುತ್ತಿದ್ದ, ಒಂದನ್ನೂ ಕೊಳ್ಳದೆ, ಒಂದು ಪುಟವನ್ನೂ ಮುಚ್ಚದೆ. ಎರಡನೆಯ ಸಾಲು ಪುಟ್ಟಿ, ಅಂದರೆ ಮಗಳೇ, ತನ್ನ ಹಾಡು, ವಿಡಿಯೋಗಳ ಸಮೇತ. ಮೂರನೆಯದು ಅಜ್ಜಿ. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಸಣ್ಣ ಅಂಕಿಯ ಪಕ್ಕದಲ್ಲಿ, ಅಮ್ಮ.

"ನಾನೇನು ಮಾಡಿದೆ?" ಸೋಫಾದ ಮೇಲಿಂದ ಅತ್ತೆ ದನಿ ಎತ್ತಿದರು. "ಒಂದೇ ಒಂದು ಇಸ್ಪೀಟಾಟ. ಇನ್ನೇನು ಗೆಲ್ತಿದ್ದೆ, ಊಟಕ್ಕೆ ಕರೆದರು ಅಂತ ಎದ್ದೆ."

"ಯಾವತ್ತಿನ ಊಟ ಅಜ್ಜಿ?"

"ಹೋದ ವಾರದ್ದಿರಬೇಕು."

"ನಿಮ್ಮ ಸೊಸೆ ಇಡೀ ಕೋರ್ಟನ್ನೇ ಕರ್ಕೊಂಡು ಬಂದು ಕೂರಿಸಿದಾರೆ. ಆದರೂ ನಿಮ್ಮ ಇಸ್ಪೀಟಿಗಿಂತ ಕಮ್ಮಿ ಜಾಗ ಸಾಕಾಗಿದೆ."

ಅವಳಿಗೆ ನಗು ಬರಲಿಲ್ಲ. ಆ ಅಂಕಿಯನ್ನು ಮತ್ತೊಮ್ಮೆ ನೋಡಿದಳು. ಭಾರ ತನ್ನದಲ್ಲ. ಎಷ್ಟು ದಿನದಿಂದ ಮೆಷಿನ್ನಿಗೆ ನೋವಾದೀತೆಂಬಂತೆ ಮೆಲ್ಲಗೆ ಟೈಪ್ ಮಾಡುತ್ತಿದ್ದಳಲ್ಲ!

"ನಿಮ್ಮದನ್ನ ಸೇವ್ ಮಾಡ್ಕೊಳ್ಳಿ. ಇವರನ್ನೆಲ್ಲ ಹೊರಗೆ ಕಳಿಸ್ತೀನಿ. ಕಡ್ಡಾಯ ಇಟ್ಟುಕೊಳ್ಳೋ ಅಂಥದ್ದೇನಾದ್ರೂ ಇದೆಯಾ?"

ದೂರದರ್ಶಕ, ಹಾಡು, ಇಸ್ಪೀಟು. "ಏನೂ ಇಲ್ಲ," ಎಂದಳು. ಆಮೇಲೆ, "ಸ್ವಲ್ಪ ಸರ್ಕೊಳ್ಳಿ, ನಾನೇ ಒತ್ತೀನಿ." ಮತ್ತೊಬ್ಬರ ಹೆಸರನ್ನು ಅವಳು ಈವರೆಗೆ ಮುಟ್ಟಿದವಳಲ್ಲ. ಒಂದು, ಎರಡು, ಮೂರು. ಚಕ್ರ ಮಾಯವಾಯಿತು.

ಆದರೂ ಅನುಮಾನ ಉಳಿಯಬಾರದೆಂದು ರಿಪೇರಿಯವಳು ಮೆಷಿನ್ ಆಫ್ ಮಾಡಿ, ಪೆಟ್ಟಿಗೆ ಬಿಚ್ಚಿ, ಮೆಮೊರಿಯ ಎರಡು ಪಟ್ಟಿಗಳನ್ನು ಹೊರತೆಗೆದು, ಅವುಗಳ ಹಳದಿ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಳು. ಅರ್ಧ ಗಂಟೆ ಪರೀಕ್ಷೆ ಓಡಿತು. ಅತ್ತೆ ಸೇರಿ ಮೂವರೂ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಕ್ಕಳ ಹಾಗೆ ಪರದೆಯನ್ನೇ ನೋಡುತ್ತಿದ್ದರು. ಒಂದೂ ದೋಷವಿರಲಿಲ್ಲ. ಅವಳ ಎದೆಯ ಮೇಲಿಂದ ಯಾರೋ ಬೀಸುವ ಕಲ್ಲನ್ನು ಎತ್ತಿ ಕೆಳಗಿಟ್ಟಂತಾಯಿತು.

ಒಳಗೆ ಯಾರೂ ಇರಲಿಲ್ಲ, ಫ್ಯಾನು ಮಾತ್ರ ತಿರುಗುತ್ತಿತ್ತು ಎಂದ ಸಾಕ್ಷಿ. ಐದಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ಕಡತ ಕಚೇರಿ ತಲುಪಿತ್ತು.

ಆರೂವರೆಗೆ ಗಂಡ ಬಂದ. ಬಟ್ಟೆ ಬದಲಿಸುವ ಮೊದಲೇ ಕಂಪ್ಯೂಟರಿನ ಮುಂದೆ ಕುಳಿತವನು ಹುಬ್ಬೇರಿಸಿದ. "ಅರೆ, ಗಾಳಿ ಥರ ಓಡ್ತಿದೆ! ನೋಡಿದ್ಯಾ, ನಿನ್ನ ಆಡಿಯೋ ಒಂದು ದಿನ ಕಮ್ಮಿ ಮಾಡಿದ್ದಕ್ಕೇ ಹೇಗಾಯ್ತು!"

ಅತ್ತೆ ಟಿವಿಯ ಕಡೆ ಮುಖ ತಿರುಗಿಸಿದರು. ಅವಳು ಬಟಾಣಿಯ ಬುಟ್ಟಿ ಎಳೆದುಕೊಂಡಳು. ನಿಜ ಹೇಳಿದರೆ ಚರ್ಚೆಯಾಗುತ್ತದೆ. ಚರ್ಚೆಯಾದರೆ ಹೊಸದೊಂದು ನಿಯಮ ಬರುತ್ತದೆ. ನಿಯಮ ಬಂದರೆ ಪಾಲಿಸುವವಳು ತಾನೊಬ್ಬಳೇ.

"ಹೌದು ರೀ," ಎಂದು ಬಟಾಣಿ ಬಿಡಿಸುತ್ತಾ ಕುಳಿತಳು.

ಅವನು ಒಂದು ದೂರದರ್ಶಕ ತೆರೆದ. ಅದನ್ನು ಮುಚ್ಚದೆ ಇನ್ನೊಂದು, ಮತ್ತೊಂದು. ತೆರೆಯಲಿ, ಎಷ್ಟು ಬೇಕೋ ಅಷ್ಟು. ನಾಳೆ ಒಂಬತ್ತಕ್ಕೆ, ಕಸ ಗುಡಿಸಿದ ಮೇಲೆ, ಇಯರ್‌ಫೋನ್ ಸಿಕ್ಕಿಸಿಕೊಳ್ಳುವ ಮೊದಲು, ಒಬ್ಬೊಬ್ಬರನ್ನೇ ಹೊರಗೆ ಕಳಿಸುವುದು. ನಾಳಿದ್ದೂ ಅಷ್ಟೇ. ದಿನಾ ಅಷ್ಟೇ.

ಅಪ್ಪನಿಂದ ಶುರು.