ಚಾಪೆ ಎತ್ತುವವರು

ಬೆಳಕು ಹರಿಯುವ ಹೊತ್ತಿಗೆ ಅಪೆಲು ಊರ ನಡುವಿನ ಬಯಲಿಗೆ ಬಂದು ಮಂಡಿಯೂರಿ ಬಗ್ಗಿ, ಕೇದಗೆ ಎಲೆಯ ನುಣುಪಾದ ಚಾಪೆಯನ್ನು ತಲೆ ತುಂಬ ಹೊದ್ದುಕೊಂಡ. ಮನೆತನದ ಯಜಮಾನ, ಎಪ್ಪತ್ತು ದಾಟಿದ ಮುದುಕ, ಎರಡು ಮೊಣಕಾಲೂ ನೋವಿನವು. ಸಮೋವಾದಲ್ಲಿ ಇದು ಇಫೋಗಾ. ಮನೆಯಲ್ಲಿ ತಪ್ಪು ಯಾರದೇ ಇರಲಿ, ನೊಂದವರ ಬಾಗಿಲಲ್ಲಿ ಬಗ್ಗಬೇಕಾದವನು ಯಜಮಾನ. ನೊಂದವರು ಹೊರಗೆ ಬಂದು ಚಾಪೆ ಎತ್ತಿದರೆ ಕ್ಷಮೆ ಸಿಕ್ಕಿತು. ಎತ್ತದೇ ಹೋದರೆ ಇಡೀ ಮನೆತನ ಊರು ಬಿಡಬೇಕಾಗಿ ಬಂದರೂ ಬಂತು.

ಈ ಸಲ ನೊಂದವರ ಬಾಗಿಲು ಯಾವುದು ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ತಪ್ಪು ಮಾಡಿದವನು ಅಪೆಲುವಿನ ತಂಗಿಯ ಮಗ ಇಯೋಪು, ಆಕ್ಲೆಂಡಿನಲ್ಲಿ ರಗ್ಬಿ ಆಡಿ ದೊಡ್ಡ ಹೆಸರು ಮಾಡಿದವನು. ಕಳೆದ ವಾರ ಪಂದ್ಯ ಸೋತ ಮೇಲೆ ಅವನು ಇಂಥದೇ ಚಾಪೆ ಹೊದ್ದು, ಹೋಟೆಲಿನ ಮಂಚದ ಮೇಲೆ ಮಂಡಿಯೂರಿ, ನಾಲಿಗೆ ಚಾಚಿ ಫೋಟೋ ತೆಗೆಸಿಕೊಂಡ. 'ಸೋತಿದ್ದಕ್ಕೆ ಬಗ್ಗಿದೀನಿ, ಯಾರಾದ್ರೂ ಬಂದು ಎತ್ರಪ್ಪ' ಎಂದು ಬರೆದು ಫೇಸ್‌ಬುಕ್ಕಿಗೆ ಹಾಕಿದ. ಜನ ಹರಿಹಾಯ್ದರು. ಸಿಡ್ನಿಯಲ್ಲಿದ್ದವರು ಉಗಿದರು, ಊರಿನವರು ಅದಕ್ಕಿಂತ ಜೋರಾಗಿ ಉಗಿದರು. ಹಿರಿಯರ ಮಾನ ಕಳೆದ, ಇವನ ಮನೆಯವರನ್ನು ಊರಿಂದಲೇ ಓಡಿಸಿ ಎಂದರು. ಇಯೋಪು ಫೋಟೋ ಅಳಿಸಿದ, ತಮಾಷೆಗೆ ಮಾಡಿದ್ದು ಮಾವ ಎಂದು ಒಂದು ಸಲ ಫೋನು ಮಾಡಿದ, ಆಮೇಲೆ ಕೈಗೇ ಸಿಗಲಿಲ್ಲ.

ಅಪೆಲುವಿನ ಹೆಂಡತಿ ಲಗಿ ಆ ಫೋಟೋವನ್ನು ಪಕ್ಕದ ಮನೆಯವಳ ಫೋನಿನಲ್ಲಿ ಒಂದೇ ಸಲ ನೋಡಿದ್ದಳು. ಚಾಪೆಯ ಅಂಚಿನ ಕೆಂಪು ಗರಿಗಳ ಮೇಲೆ ಅವಳ ಕಣ್ಣು ನಿಂತಿತ್ತು. ಫೋನು ವಾಪಸು ಕೊಟ್ಟು ಕೆಸುವಿನ ಗೆಡ್ಡೆ ಸುಲಿಯಲು ಕೂತಿದ್ದಳು. ಯಾರ ಮನೆ ಮುಂದೆ ಬಗ್ಗಲಿ ಎಂದು ಗಂಡ ಕೇಳಿದಾಗಲೂ ನನಗೇನು ಗೊತ್ತು ಎಂದಷ್ಟೇ ಅಂದಿದ್ದಳು. ಕೊನೆಗೆ ಅವನು, ಬಯಲೆಂದರೆ ಎಲ್ಲರ ಬಾಗಿಲೂ ಆಯಿತಲ್ಲ ಎಂದು ತಾನೇ ತೀರ್ಮಾನ ಮಾಡಿಕೊಂಡು ಇಲ್ಲಿಗೆ ಬಂದಿದ್ದ.

ಬಿಸಿಲೇರಿತು. ಜನ ಬಂದು ದೂರದಲ್ಲೇ ಸುತ್ತ ನಿಂತರು. ಯಾರೋ ಒಂದು ಫೋಟೋ ತೆಗೆದು ಕಳಿಸಿಯೂ ಆಯಿತು. ನೋಡಿ, ಇಯೋಪು ಮತ್ತೆ ನಾಟಕ ಶುರುಮಾಡಿದ ಎಂದು ಸಿಡ್ನಿಯಿಂದ ಬೈಗುಳವೂ ಬಂತು. ಅದು ಅವನಲ್ಲ, ಅವನ ಮಾವ ಎಂದು ಇಲ್ಲಿಂದ ತಿಳಿಸಿದರೆ, ಹಾಗಾದರೆ ಮುದುಕನೂ ಸೇರಿಕೊಂಡನಾ ಎಂದು ಅಲ್ಲಿಂದ ಉತ್ತರ.

ಚಾಪೆ ಎತ್ತಲು ಯಾರೂ ಮುಂದೆ ಬಾರದ್ದನ್ನು ಕಂಡು ಲಗಿಗೆ ತಡೆಯಲಾಗಲಿಲ್ಲ. ಮೊದಲು ಪಾದ್ರಿಯ ಹತ್ತಿರ ಹೋದಳು. ಕ್ಷಮಿಸುವುದು ನೊಂದವರ ಹಕ್ಕು, ತಾನು ಆ ಫೋಟೋವನ್ನೇ ನೋಡಿಲ್ಲ, ನೋಡದೆ ನೋಯುವುದು ಹೇಗೆ ಎಂದು ಅವರು ನಿಜವಾಗಿಯೇ ತಲೆ ಕೆರೆದುಕೊಂಡರು. ಅಂಗಡಿಯ ಎನೆಲಿಕೋ ಫೇಸ್‌ಬುಕ್ಕಿನಲ್ಲಿ ಎಲ್ಲರಿಗಿಂತ ಉದ್ದಕ್ಕೆ ಉಗಿದು ಬರೆದಿದ್ದ. ಲಗಿ ಅವನೆದುರು ಹೋಗಿ ನಿಂತಳು.

"ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ಅಂತ ಬರೆದಿದ್ಯಲ್ಲಪ್ಪ. ಹೋಗಿ ಚಾಪೆ ಎತ್ತು."

"ನಿದ್ದೆ ಬಂತು ಲಗಿಯಕ್ಕ," ಎಂದ ಎನೆಲಿಕೋ, ನೆಲ ನೋಡುತ್ತ. "ಎಲ್ರೂ ಬರೀತಿದ್ರು, ನಾನೂ ಒಂದ್ಮಾತು ಹಾಕ್ದೆ. ಯಜಮಾನ್ರು ಹಿಂಗೆ ಬಂದು ಬಗ್ಗುತಾರೆ ಅಂತ ನಂಗೇನು ಕನಸು ಬಿದ್ದಿತ್ತಾ?"

ಚರ್ಚಿನ ಭಾನುವಾರದ ಶಾಲೆಯಲ್ಲಿ ಕಲಿಸುವ ತಾಲಿಯಾ ಮಾತ್ರ ತನಗೆ ಸಿಟ್ಟು ಬಂದದ್ದು ನಿಜ ಎಂದು ಒಪ್ಪಿಕೊಂಡಳು. ಹಾಗಾದರೆ ನೀನೇ ಎತ್ತು ಎಂದು ಲಗಿ ಅವಳ ಕೈ ಹಿಡಿದಳು.

"ನಾನು ಎತ್ತಬಹುದಕ್ಕ. ಆದ್ರೆ ಇಷ್ಟೊಂದು ಫೋನು ನೋಡ್ತಿದಾವೆ. ಕ್ಷಮಿಸೋಕೆ ನೀನ್ಯಾರೇ ಅಂತ ನಾಳೆ ನನ್ನನ್ನ ಹಿಡ್ಕೋತಾರೆ. ಆಗ ನನ್ನ ಪರವಾಗಿ ಯಾರು ಬಗ್ಗುತಾರೆ?"

ಲಗಿ ಅವಳ ಕೈ ಬಿಟ್ಟಳು. ಊರೆಲ್ಲ ಹೊತ್ತಿ ಉರಿದಿದ್ದ ಬೆಂಕಿ ಯಾರ ಒಲೆಯದು ಎಂದು ಕೇಳಿದರೆ ಯಾರ ಮನೆಯಲ್ಲೂ ಬೂದಿಯಿಲ್ಲ. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಇಯೋಪು ಮೊದಲ ಸಲ ವಿಮಾನ ಹತ್ತುವಾಗ ಫೋಟೋದಲ್ಲಿದ್ದ ಆ ಕೆಂಪು ಗರಿಯ ಚಾಪೆಯನ್ನು ಮಡಿಸಿ ಅವನ ಕೈಗಿಟ್ಟದ್ದು ಅವಳೇ. ನೇಯಲು ಅವಳಿಗೆ ಎರಡು ವರ್ಷ ಹಿಡಿದಿತ್ತು, ಕಣ್ಣು ಮಂಜಾದದ್ದು ಆಗಿನಿಂದಲೇ. ಮನೆಯಲ್ಲಿ ಒಳ್ಳೆಯದು ನಡೆದಾಗ ಮಾತ್ರ ಬಿಚ್ಚು ಮಗ ಎಂದಿದ್ದಳು.

"ಲಗೀ," ಚಾಪೆಯೊಳಗಿಂದ ಅಪೆಲುವಿನ ದನಿ ಬಂತು, ಒಣಗಿದ ದನಿ. "ನೊಂದವರು ಯಾರಂತೆ? ಸಿಕ್ಕಿದ್ರಾ?"

ತಪ್ಪು ಮಾಡಿದ ಮನೆಯವರು ತಮ್ಮ ಚಾಪೆಯನ್ನು ತಾವೇ ಎತ್ತಿಕೊಂಡದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಲಗಿ ಬಯಲಿಗಿಳಿದಾಗ ನೀರು ಕುಡಿಸಲು ಹೋಗುತ್ತಿದ್ದಾಳೆ ಎಂದುಕೊಂಡರು. ಅವಳ ಕೈಯಲ್ಲಿ ನೀರಿರಲಿಲ್ಲ.

"ಸಿಕ್ಕಿದ್ಳು," ಎಂದು ಅವಳು ಚಾಪೆಯ ಅಂಚು ಹಿಡಿದು ಎತ್ತಿದಳು.

ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅಪೆಲು ಮೇಲೆ ನೋಡಿದ. ಎದುರಿಗೆ ತನ್ನ ಹೆಂಡತಿ, ಕೆನ್ನೆ ತುಂಬ ನೀರು. ಏಳಬೇಕೋ, ಇನ್ನಷ್ಟು ಬಗ್ಗಬೇಕೋ ತಿಳಿಯದೆ ಅವನು ಮಂಡಿಯ ಮೇಲೆಯೇ ಉಳಿದ.